ಎರಡನೇ ಟಿಕ್

ಬೆಳಿಗ್ಗೆ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಹೊರಗೆ ಚಾಲೂ ಮಾಡಿ ನಿಲ್ಲಿಸಿದ್ದ ನಮ್ಮ ಕಾರಿನ ಮೂತಿಯೊಳಗಿಂದ 'ಟಿಕ್' ಎಂದು ಸದ್ದಾಯಿತು. ಅಷ್ಟೇ. ನನ್ನ ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು, ಬೆನ್ನು ನೆಟ್ಟಗಾಯಿತು, ಚಾಚಿದ್ದ ಕಾಲು ಮಡಚಿಕೊಂಡಿತು. ಆಮೇಲೆ ನೆನಪಾಯಿತು, ಇದು ಅತ್ತೆಯಲ್ಲ, ರಿಲೇ. ಅತ್ತೆ ತೀರಿಕೊಂಡು ಬಹಳ ಕಾಲವಾಯಿತು. ಅವರ ಅಡಕತ್ತರಿ ಅಡುಗೆಮನೆಯ ಗೂಡಿನಲ್ಲಿ ಮೂಲೆ ಹಿಡಿದು ಕೂತಿದೆ. ಆದರೂ ಆ ಸದ್ದಿಗೆ ನನ್ನ ಮೈ ಇನ್ನೂ ಸೊಸೆಯಾಗಿಯೇ ಇದೆ.

ರಿಲೇ ಎಂಬ ಮಾತು ನನ್ನ ಬಾಯಲ್ಲಿ ಬಂದದ್ದು ಕಂಡು ನಿಮಗೆ ಆಶ್ಚರ್ಯವಾಗಬಹುದು. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಪೂರ್ತಿ ಅಲ್ಲ. ಭತ್ತ ಕುದಿಸುವ ಕಾಲಕ್ಕೆ ಮನೆಯಲ್ಲಿ ಕೈ ಸಾಲದೆ ಪಾಟಿಯನ್ನು ಅಟ್ಟದ ಮೇಲಿಟ್ಟವಳು ಮತ್ತೆ ಇಳಿಸಲಿಲ್ಲ. ಅಂಥವಳು ಈಗ ರೇಡಿಯೇಟರ್, ಫ್ಯೂಸ್, ಲೋ ಸ್ಪೀಡ್, ಹೈ ಸ್ಪೀಡ್ ಎಂದು ಮಾತಾಡುತ್ತೇನೆ. ಕಾರಿನ ಫ್ಯಾನು ಹೇಗೆ ಎರಡು ವೇಗದಲ್ಲಿ ತಿರುಗುತ್ತದೆ, ಯಾರು ಹೇಳಿದರೆ ತಿರುಗುತ್ತದೆ, ಎಲ್ಲ ಗೊತ್ತು. ನನ್ನ ಮೊಮ್ಮಗಳು ಪವಿತ್ರಾ ಅದನ್ನು ತನ್ನ ಕೈಯಾರೆ ಜೋಡಿಸಿದ್ದಾಳೆ ಎಂದು ವಿನೋಬನಗರದ ನಮ್ಮ ಓಣಿಯಲ್ಲಿ ಹೇಳದ ಮನೆ ಉಳಿದಿಲ್ಲ. ತರಕಾರಿ ಗಾಡಿಯವನಿಗೆ ಹೇಳಿಯಾಗಿದೆ. ಹಾಲಿನವನು ಈಗ ನನ್ನನ್ನು ಕಂಡರೆ ಗೇಟಿನ ಮೇಲೆ ಪಾಕೀಟು ಇಟ್ಟು ಹಿಂದೆ ನೋಡದೆ ಹೋಗುತ್ತಾನೆ. ಉಳಿದವರು ನೀವೊಬ್ಬರೇ. ಕೂಡ್ರಿ, ಚಹಾ ಆಮೇಲೆ ಕುಡಿಯೋಣ.

ನಮ್ಮ ಮನೆಯವರು, ಅಂದರೆ ಪವಿಯ ಅಜ್ಜ, ಅವರ ಹೆಸರನ್ನು ನಾನು ಹೇಳುವುದಿಲ್ಲ, ಹೇಳಿ ಅಭ್ಯಾಸವಿಲ್ಲ. ಅವರು ಮಂಡಕ್ಕಿ ಭಟ್ಟಿ ನಿಲ್ಲಿಸಿದ ಮೇಲೆ ಒಂದು ಹಳೇ ಬಿಳಿ ಕಾರು ಕೊಂಡರು. ಉರಿಯ ಮುಂದೆ ಆಯುಷ್ಯ ಕಳೆದವರಿಗೆ ಗಾಳಿಗೆ ಮುಖ ಕೊಟ್ಟು ಕೂರುವ ಆಸೆ. ಕಾರೇನೋ ಬಂತು, ಆದರೆ ಅದರ ಹೊಟ್ಟೆಯಲ್ಲೂ ಒಂದು ಭಟ್ಟಿಯೇ ಇತ್ತು. ಪ್ರತಿ ಅಮಾವಾಸ್ಯೆಗೆ ನಾವು ಹರಿಹರದ ಆಚೆ ಸಾರಥಿ ಎಂಬ ಊರಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಳಿಗೆ ಊಟಕ್ಕೆ ಹೋಗುವುದು ರೂಢಿ. ಹರಿಹರದ ಪೇಟೆಯಲ್ಲಿ ಮುಂದೊಂದು ಲಾರಿ, ಹಿಂದೊಂದು ಬಸ್ಸು ನಿಂತವೆಂದರೆ ಕಾರು ಕುದಿಯುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯಂತೆ ಹಬೆ. ಉಳಿದವರು ಊರಿಗೆ ಹೊರಡುವಾಗ ಹಣ್ಣು ಹೂವು ಇಟ್ಟುಕೊಂಡರೆ ನಾವು ಕೊಡಪಾನದ ತುಂಬ ನೀರು ಇಟ್ಟುಕೊಳ್ಳುತ್ತಿದ್ದೆವು. ಕೊಡಪಾನ ನನ್ನ ಮಡಿಲಲ್ಲಿ. ರಸ್ತೆಯ ಪ್ರತಿ ಉಬ್ಬಿಗೂ ಒಂದು ತುಳುಕು. ಹೋಗಿ ಇಳಿದರೆ ತಂಗಿಯ ಸೊಸೆ, "ದೊಡ್ಡತ್ತೆ, ಸೀರೆ ಯಾಕ ಒದ್ದಿ ಆಗೈತ್ರಿ?" ಎಂದು ಕೇಳುವುದು, ನಾನು "ಕಾರಿಗೆ ನೀರು ಕುಡಿಸಿದ್ವಿ ಕಣವ್ವ" ಎನ್ನುವುದು, ಇದೂ ಹೋಳಿಗೆಯ ಜೊತೆ ರೂಢಿಯಾಗಿ ಹೋಗಿತ್ತು.

ಕಾರಿಗೆ ಫ್ಯಾನು ಇರಲಿಲ್ಲವೆಂದಲ್ಲ. ರೇಡಿಯೇಟರಿನ ಬೆನ್ನಿಗೆ ಒಂದು ಇತ್ತು. ಬಿಸಿಯೇರಿದಾಗ ತಾನೇ ತಿರುಗಬೇಕಾದದ್ದು. ಅದನ್ನು ತಿರುಗಿಸುವ ಸ್ವಿಚ್ಚು ಎಂದೋ ಕೆಟ್ಟಿತ್ತು. ನಮ್ಮ ಮನೆಯವರು ಹೊಸದು ಹಾಕಿಸದೆ, ಸ್ಟೇರಿಂಗಿನ ಪಕ್ಕದಲ್ಲಿ ಮನೆಯ ದೀಪದ ಬಿಳಿ ಸ್ವಿಚ್ಚೊಂದನ್ನು ಕೂರಿಸಿದರು.

"ಬೇಕಾದಾಗ ಹಾಕೋದು, ಬ್ಯಾಡಾದಾಗ ಆರ್ಸೋದು. ಮನ್ಯಾಗ ಹೆಂಗೋ ಹಂಗೆ" ಎಂದರು.

ಮನೆಯಲ್ಲಿ ಹೇಗೆ ಎಂಬುದನ್ನು ಹೇಳದಿದ್ದರೆ ಈ ಮಾತಿನ ರುಚಿ ನಿಮಗೆ ಹತ್ತುವುದಿಲ್ಲ. ನಮ್ಮ ಹಜಾರದ ಫ್ಯಾನು ಎರಡನೇ ನಂಬರು ದಾಟುತ್ತಿರಲಿಲ್ಲ. ಯಾರೂ ದಾಟಿಸಬಾರದೆಂದು ಅವರು ರೆಗ್ಯುಲೇಟರಿನ ಗುಂಡಿಯನ್ನೇ ಕಿತ್ತು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ನಗಬೇಡಿ, ನಾನು ಅವರೊಂದಿಗೆ ಸಂಸಾರ ಮಾಡಿದ್ದೇನೆ. ಬೀಗರು ಬಂದರೆ ಗುಂಡಿ ಜೇಬಿನಿಂದ ಹೊರಬರುತ್ತಿತ್ತು. ಫ್ಯಾನನ್ನು ಮೂರಕ್ಕೆ ತಿರುಗಿಸಿ ಗುಂಡಿ ಮತ್ತೆ ಜೇಬಿಗೆ. ಬೀಗರು ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಫ್ಯಾನು ಪುನಃ ಎರಡು. ಅಂಗಿ ಒಗೆಯುವ ಮೊದಲು ಗುಂಡಿಯನ್ನು ತೆಗೆದಿಡುವುದು ನನ್ನ ಪಾಲಿನ ಕೆಲಸ. ಹಾಗೆಂದು ಜಿಪುಣರಲ್ಲ. ಊಟಕ್ಕೆ ಯಾರಾದರೂ ಬಂದರೆ ಬೇಡವೆಂದರೂ ತುಪ್ಪ ಸುರಿಯುವ ಕೈ. ಆದರೆ ಯಾವುದೂ ಸುಮ್ಮನೆ ಉರಿಯಬಾರದು, ಸುಮ್ಮನೆ ತಿರುಗಬಾರದು. ಭಟ್ಟಿಯ ಬಾಯಿಗೆ ಒಂದು ಮುಷ್ಟಿ ಹೊಟ್ಟು ಹೆಚ್ಚು ಬಿದ್ದರೆ ಮಂಡಕ್ಕಿ ಕಂದುತ್ತದೆ ಎಂದು ಕಲಿತು ಬೆಳೆದವರು. ಹಾಗಾಗಿ ಕಾರಿನ ಫ್ಯಾನಿನ ಸ್ವಿಚ್ಚನ್ನೂ ಅವರು ಕೊನೆಯ ಗಳಿಗೆಯವರೆಗೆ ಮುಟ್ಟುತ್ತಿರಲಿಲ್ಲ. ಕಾರಿಗೆ ಮಾತ್ರ ಅಷ್ಟು ತಾಳ್ಮೆ ಇರಲಿಲ್ಲ.

ಇನ್ನು ಪವಿ. ನಮ್ಮ ಮಗನ ಮಗಳು, ನಮ್ಮ ಜೊತೆಯೇ ಇರುವವಳು, ಮೋಟಾರಿನ ಡಿಪ್ಲೊಮಾ ಓದುತ್ತಿರುವವಳು. ಅಜ್ಜನೂ ಅವಳೂ ಒಂದೇ ಜೀವ. ಸ್ಟೇರಿಂಗ್ ಹಿಡಿಯಲು ಅಜ್ಜನೇ ಕಲಿಸಿದ್ದು. ಸಂಜೆಯಾದರೆ ಇಬ್ಬರೂ ಜಗಲಿಯ ಮೇಲೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ಕೂರುವುದು. ಬಜ್ಜಿಯ ತೊಟ್ಟಿನ ಕಡೆ ಅಜ್ಜನಿಗೆ, ತುದಿ ಅವಳಿಗೆ. ಆ ತಟ್ಟೆಗೆ ಮಂಡಕ್ಕಿ ಹಚ್ಚಿ ಕೊಡುವಾಗ ನನಗೆ ಆಗುತ್ತಿದ್ದ ಸಂತೋಷವನ್ನು ಬರೆಯಲು ನನಗೆ ಬರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅದೇ ತಟ್ಟೆ ಎರಡಾಯಿತು.

ಅಂದು ಅಮಾವಾಸ್ಯೆ. ಎಂದಿನಂತೆ ಹರಿಹರದಲ್ಲಿ ಕಾರು ಕುದಿಯಿತು. ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿ, ಪವಿ ಬಾನೆಟ್ ಎತ್ತಿ ಹಿಂದೆ ಸರಿದಳು. ಅಲ್ಲಿ ಕೂತಿದ್ದವರೆಲ್ಲ ಹಬೆಯನ್ನು ನೋಡಲು ಎದ್ದು ಬಂದರು. ಅಂಗಡಿಯವನು ನಮ್ಮ ಮನೆಯವರ ಕೈಗೆ ಚಹಾ ಕೊಟ್ಟು, "ಏನಾತ್ರಿ ಯಜಮಾನ್ರೆ?" ಎಂದ.

"ಗಾಡಿಗೆ ವಯಸ್ಸಾತಪ್ಪ" ಎಂದರು ಇವರು.

"ಗಾಡಿಗಲ್ಲಣ್ಣ, ಫ್ಯಾನ್ ಹಾಕೋರಿಗೆ" ಎಂದಳು ಪವಿ.

ನೆರೆದವರು ನಕ್ಕರು. ನಾನೂ ನಕ್ಕೆ, ಸೆರಗು ಬಾಯಿಗಿಟ್ಟುಕೊಂಡು. ಇವರು ಚಹಾದ ಲೋಟವನ್ನು ಕುಡಿಯದೆ ಕೆಳಗಿಟ್ಟರು. ಚಹಾ ಬಿಡುವ ಮನುಷ್ಯರಲ್ಲ ಅವರು. ಅದನ್ನು ನೋಡಿಯೇ ನನ್ನ ನಗು ನಿಂತಿತು.

"ನಿಂಗೆ ಮಾತು ಬಾಳ ಆಗ್ಯಾವೆ. ಇವತ್ತಿನಿಂದ ನನ್ ಜೊತಿ ಮಾತಾಡಬ್ಯಾಡ" ಎಂದರು.

"ಆತು ಬಿಡ್ರಿ" ಎಂದಳು ಅವಳು.

ಅಜ್ಜ ಒಂದು ಮಾತು ಅಂದರೆ ಎರಡು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಟ, ಒಂದಕ್ಕೆ ಮೀಸೆ, ಇನ್ನೊಂದಕ್ಕೆ ಜಡೆ. ಜಗಲಿಯ ಆ ತುದಿಗೊಂದು ತಟ್ಟೆ, ಈ ತುದಿಗೊಂದು ತಟ್ಟೆ. ಬಜ್ಜಿಯ ತೊಟ್ಟು ಅವಳ ತಟ್ಟೆಯಲ್ಲಿ ಉಳಿಯುತ್ತಿತ್ತು, ತುದಿ ಇವರ ತಟ್ಟೆಯಲ್ಲಿ ಉಳಿಯುತ್ತಿತ್ತು. ಎರಡೂ ತಟ್ಟೆ ತೊಳೆಯುವವಳು ನಾನು. ಆ ತುಣುಕುಗಳನ್ನು ನೋಡಿ ನನಗೆ ಬಚ್ಚಲಲ್ಲಿ ಕಣ್ಣೀರು ಬಂತು. ಖಾರಕ್ಕೆ ಎಂದು ಪವಿಯ ಅವ್ವನಿಗೆ, ನಮ್ಮ ಸೊಸೆಗೆ, ಹೇಳಿದೆ.

ಕಡೆಗೆ ಪವಿ ಒಂದು ದಿನ ಗುಜರಿಯಿಂದ ಒಂದು ದೊಡ್ಡ ಫ್ಯಾನು, ಒಂದಿಷ್ಟು ವೈರು ತಂದು ಅಂಗಳದಲ್ಲಿ ಹರವಿದಳು. ನನ್ನ ಮುಖ ನೋಡಿ, ಆದರೆ ಜಗಲಿಯ ಮೇಲಿದ್ದವರಿಗೆ ಕೇಳುವಂತೆ ಹೇಳಿದಳು: "ಅಜ್ಜಿ, ಅಜ್ಜಂಗೆ ಹೇಳು. ಎರಡು ಸ್ಪೀಡಿನ ಫ್ಯಾನ್ ಕೂಡಿಸ್ತೀನಿ. ಮುಂದಿನ ಅಮಾಸಿಗೆ ಗಾಡಿ ಕುದಿಯಂಗಿಲ್ಲ."

ಇವರು ಪೇಪರು ಮುಖಕ್ಕೆ ಹಿಡಿದುಕೊಂಡೇ, "ಕುದಿಲಿಲ್ಲ ಅಂದ್ರೆ ಸೈ. ಕುದೀತು ಅಂದ್ರೆ ಗಾಡಿ ಗುಜರಿಗೆ, ಅವಳು ಬಾನೆಟ್ ಮುಟ್ಟೋದು ಬಂದ್ ಅಂತ ಹೇಳು" ಎಂದರು.

ಇಲ್ಲಿಂದ ನನ್ನ ನೌಕರಿ ಶುರುವಾಯಿತು. ಅವಳು ಕಾರಿನ ಮೂತಿಯಲ್ಲಿ ತಲೆ ತೂರಿಸಿ ನಿಂತಿದ್ದಾಳೆ, ಇವರು ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ನಡುವೆ ನಾನು.

"ಅಜ್ಜಿ, ಬ್ಯಾಟರಿ ವೈರ್ ಮೊದ್ಲು ಬಿಚ್ಚಿಡಬೇಕು ಅಂತ ಹೇಳು."

"ಬ್ಯಾಟರಿ ವೈರ್ ಬಿಚ್ಚಬೇಕಂತ್ರಿ."

"ಯಾಕಂತೆ ಕೇಳು."

"ಯಾಕಂತವ್ವ?"

"ಎಲ್ಲ್ಯಾದ್ರೂ ತಾಗಿದ್ರೆ ಹೊಗಿ ಬರ್ತೈತೆ ಅಂತ ಹೇಳು."

"ಹೊಗಿ ಬರ್ತೈತಂತ್ರಿ."

"ಹೊಗಿ ನಮ್ ಗಾಡಿಗೇನು ಹೊಸದಾ ಅಂತ ಹೇಳು."

ಹೀಗೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನನ್ನ ಕತ್ತು ಹಿಡಿದುಕೊಂಡಿತು. ರಾತ್ರಿ ಊಟವಾದ ಮೇಲೆ ಸೊಸೆ ಮುಲಾಮು ಹಚ್ಚಿದಳು. ಮಾತು ಸಾಗಿಸುವುದರಲ್ಲಿ ಇಷ್ಟು ದಣಿವಿದೆ ಎಂದು ನನಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿದ್ದಿರಬೇಕು.

ಅತ್ತೆಯ ಮಾತು ಏಕೆ ಬಂತೆಂದರೆ, ಮರುದಿನ ಪವಿ ಬೆಂಕಿಪೊಟ್ಟಣದಷ್ಟು ದಪ್ಪದ ಕರಿಯ ಡಬ್ಬಿಯೊಂದನ್ನು ನನ್ನ ಅಂಗೈಯಲ್ಲಿಟ್ಟಳು. ಅದಕ್ಕೆ ತಾಮ್ರದ ಕಾಲುಗಳು.

"ಇದು ರಿಲೇ ಅಜ್ಜಿ. ಅಜ್ಜ ಹಾಕಿದ್ರಲ್ಲ ಆ ಸ್ವಿಚ್ಚು, ಅದು ಮನುಷ್ಯರ ಕೈಯಾಗ ಇರಬಾರ್ದು, ಬಿಸಿ ಕೈಯಾಗ ಇರಬೇಕು. ಅದಕ್ಕೇ ರೇಡಿಯೇಟರಿಗೆ ಬಿಸಿ ನೋಡೋ ಸ್ವಿಚ್ಚು ಹಾಕೀನಿ. ಆದ್ರೆ ಅದು ಸಣ್ಣ ಜೀವ. ಫ್ಯಾನ್ ತಿನ್ನೋ ಕರೆಂಟು ಅದ್ರ ಮೈಮ್ಯಾಲೆ ಹಾದ್ರೆ ಸುಟ್ಟು ಹೋಗ್ತೈತೆ. ಅದಕ್ಕೆ ಅದು ತೆಳ್ಳನ ವೈರಿನಾಗ ಈ ರಿಲೇಗೆ ಬರೀ ಹೇಳಿ ಕಳಿಸ್ತೈತೆ. ರಿಲೇ ಬ್ಯಾಟರಿಯಿಂದ ದಪ್ಪನ ವೈರಿನಾಗ ಫ್ಯಾನಿಗೆ ಕರೆಂಟ್ ಬಿಡ್ತೈತೆ."

"ಅಂದ್ರೆ ಸಣ್ಣೋರು ದೊಡ್ಡೋರ ಜೊತಿ ನೇರ ಮಾತಾಡಂಗಿಲ್ಲ."

"ಹೂಂ."

"ನಡುವೆ ಒಬ್ರು ಕೂತಿರ್ತಾರೆ. ಸಣ್ಣೋರ ಮಾತು ಕೇಳಿ, ಟಿಕ್ ಅಂತಂದು, ದೊಡ್ಡೋರಿಗೆ ಮುಟ್ಟಿಸ್ತಾರೆ."

ಪವಿ ಕಣ್ಣರಳಿಸಿದಳು. "ಟಿಕ್ ಅಂತೈತೆ ಅಂತ ನಿಂಗೆ ಹೆಂಗೆ ಗೊತ್ತು?"

"ಇದು ನಮ್ಮ ಅತ್ತೇನೇ ಬಿಡು" ಎಂದೆ.

ನಾನು ಈ ಮನೆಗೆ ಬಂದಾಗ ಸೊಸೆಯಾದವಳು ಮಾವನ ಜೊತೆ ಮಾತಾಡುವಂತಿರಲಿಲ್ಲ. ಮಾವ ಜಗಲಿಯಲ್ಲಿ, ನಾನು ಅಡುಗೆಮನೆಯಲ್ಲಿ, ನಡುಮನೆಯ ಹೊಸ್ತಿಲ ಪಕ್ಕ ಅತ್ತೆ. ಅವರ ಮಡಿಲಲ್ಲಿ ಎಲೆಅಡಿಕೆಯ ಚೀಲ, ಕೈಯಲ್ಲಿ ಅಡಕತ್ತರಿ. ಊಟಕ್ಕೆ ತಟ್ಟೆ ಹಾಕಿದ್ದೇನೆ ಎಂದು ನಾನು ಅತ್ತೆಯ ಕಿವಿಗೆ ಮೆಲ್ಲಗೆ ಹೇಳಬೇಕು. ಅತ್ತೆ ಮೊದಲು ಒಂದು ಅಡಿಕೆ ಕತ್ತರಿಸುವರು, ಟಿಕ್. ಆಮೇಲೆ ಹೊರಗೆ ಕೇಳುವಂತೆ, "ಊಟಕ್ಕೆ ಬರಬೇಕಂತ್ರಿ" ಎನ್ನುವರು. ಅಡಿಕೆ ಕತ್ತರಿಸದೆ ಅವರು ಮಾತು ಮುಟ್ಟಿಸಿದ್ದನ್ನು ನಾನು ಕಾಣೆ. ಮಾವ ಲೆಕ್ಕದಲ್ಲೋ ಗಿರಾಕಿಯ ಮಾತಿನಲ್ಲೋ ಮುಳುಗಿ ಏಳದಿದ್ದರೆ ಇನ್ನೊಂದು ಅಡಿಕೆ, ಇನ್ನೊಂದು ಟಿಕ್. ಈ ಸಲದ ದನಿ ಬೇರೆ. ಪಕ್ಕದ ಮನೆಯ ಗಂಡಸರೂ ಊಟಕ್ಕೆ ಏಳಬೇಕು ಅಂಥ ದನಿ.

ಇದನ್ನು ಹೇಳಿದ್ದೇ ತಡ, ಪವಿ ನಗುತ್ತ ಇನ್ನೊಂದು ಕರಿಯ ಡಬ್ಬಿಯನ್ನೂ ನನ್ನ ಅಂಗೈಗೆ ಹಾಕಿದಳು. "ತಗಾ, ಎರಡ್ನೇ ಅಡಿಕಿ. ಬಿಸಿ ಏರಿದ್ರೆ ಮೊದಲ್ನೇ ರಿಲೇ ಟಿಕ್ ಅಂತೈತೆ. ಆ ದಾರ್ಯಾಗ ಒಂದು ಅಡ್ಡಿ ಇಟ್ಟಿರ್ತಾರೆ, ಕರೆಂಟು ನುಸುಳ್ಕೊಂಡು ಹೋಗಬೇಕು, ಅದಕ್ಕೆ ಫ್ಯಾನು ನಿಧಾನ. ಅಷ್ಟಕ್ಕೂ ಬಿಸಿ ಇಳೀಲಿಲ್ಲ ಅಂದ್ರೆ ಎರಡ್ನೇದು ಟಿಕ್. ಅದು ಬಯಲು ದಾರಿ. ಫ್ಯಾನು ಪೂರಾ ಜೋರು."

ಜಗಲಿಯ ಮೇಲೆ ಪೇಪರು ಒಂದು ಗೇಣು ಕೆಳಗಿಳಿಯಿತು. "ಎರಡಕ್ಕೂ ಫ್ಯೂಸ್ ಬ್ಯಾರೆ ಬ್ಯಾರೆ ಹಾಕ್ತಾಳಾ ಕೇಳು" ಎಂದು ಪೇಪರಿನ ಹಿಂದಿನಿಂದ ದನಿ ಬಂತು.

"ಬ್ಯಾರೆ ಬ್ಯಾರೇನೇ, ಬ್ಯಾಟರಿ ಹತ್ರಾನೇ ಅಂತ ಹೇಳು."

"ಆ ಕೆಂಪು ವೈರು ತೆಳ್ಳಗಾತು ಅಂತ ಹೇಳು."

"ಅದು ರಿಲೇಗೆ ಹೇಳೋ ವೈರು, ತೆಳ್ಳಗೇ ಇರಬೇಕು. ಫ್ಯಾನಿಂದು ದಪ್ಪ ಐತೆ, ಬಂದು ನೋಡ್ಲಿ ಅಂತ ಹೇಳು."

"ನೋಡಿದೆ, ಕಣ್ ಕಾಣ್ತೈತೆ ಅಂತ ಹೇಳು."

ಮಾತು ಎಷ್ಟು ಜೋರಾಗಿ ಓಡಿತೆಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬರುತ್ತಿತ್ತು. ಆಮೇಲೆ ಇಬ್ಬರಿಗೂ ನೆನಪಾಗಿ ಒಟ್ಟಿಗೆ ಸುಮ್ಮನಾದರು. ನನಗೆ ಹಾಲು ಉಕ್ಕುವ ಮೊದಲು ಒಲೆ ಆರಿದಂತಾಯಿತು.

ಜೋಡಿಸಿ ಮುಗಿಸಿದ ದಿನ ಪವಿ ಕಾರನ್ನು ಅಂಗಳದಲ್ಲೇ ಚಾಲೂ ಮಾಡಿ ಬಿಟ್ಟಳು. ನಾನು ಬಾನೆಟ್ಟಿನ ಬಳಿ ಕಿವಿಗೊಟ್ಟು ನಿಂತೆ. ಬಹಳ ಹೊತ್ತಿನ ಮೇಲೆ ಟಿಕ್. ಫ್ಯಾನು ಮೊರದಲ್ಲಿ ಕೇರುವಷ್ಟು ಮೆಲ್ಲಗೆ ತಿರುಗಿತು. ಬಿಸಿ ಏರಲೆಂದು ಅವಳು ಆ್ಯಕ್ಸಿಲರೇಟರ್ ತುಳಿದು ಹಿಡಿದಳು. ಇನ್ನೊಂದು ಟಿಕ್. ಅಬ್ಬಾ, ಏನು ಗಾಳಿ. ತಂತಿಯ ಮೇಲಿನ ಟವಲು ಹಾರಿತು, ತುಳಸಿಯ ಎಲೆ ನಡುಗಿತು, ನನಗೆ ಕುಣಿಯಬೇಕೆನಿಸಿತು. ಮಂಡಿ ಬಿಡಲಿಲ್ಲ. ಇವರೂ ಕುರ್ಚಿಯಿಂದ ಎದ್ದು ನಿಂತಿದ್ದರು. ಅವಳು ಕಾರು ನಿಲ್ಲಿಸಿ, ಕೀಲಿಯನ್ನು ತಂದು ಅವರ ಪಕ್ಕ ಇಟ್ಟು ಕೈ ತೊಳೆಯಲು ಒಳಗೆ ಹೋದಳು.

ಕಾರು ನಿಂತಿತ್ತು. ಫ್ಯಾನು ನಿಂತಿರಲಿಲ್ಲ. ಕೀಲಿ ಹೊರಗಿದೆ, ಒಳಗೆ ಯಾರೂ ಇಲ್ಲ, ಅದು ತನ್ನ ಪಾಡಿಗೆ ಭೋರೆಂದು ತಿರುಗುತ್ತಿದೆ. ನಮ್ಮ ಮನೆಯವರು ಕೀಲಿಯನ್ನು ನೋಡಿದರು, ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು. ಮನೆಗೆ ಬೀಗ ಹಾಕಿ ಹೊರಟವರಿಗೆ ಒಳಗೆ ಫ್ಯಾನು ತಿರುಗುವ ಸದ್ದು ಕೇಳಿದರೆ ಹೇಗಿರುತ್ತದೋ ಹಾಗಿತ್ತು ಅವರ ಮುಖ.

"ಯಾಕಂತೆ ಕೇಳು" ಎಂದರು.

"ನೀರಿನ ಬಿಸಿ ಇಳಿಯೋವರ್ಗೂ ಅದು ಹಂಗೇ ತಿರುಗ್ತೈತೆ ಅಂತ ಹೇಳು" ಎಂದು ಬಚ್ಚಲಿನಿಂದ ಉತ್ತರ ಬಂತು.

ಅಮಾವಾಸ್ಯೆಯ ಹಿಂದಿನ ದಿನ, ಪವಿ ಕಾಲೇಜಿಗೆ ಹೋದಾಗ, ಇವರು ಬಾನೆಟ್ ಎತ್ತಿ ಒಳಗೆ ಬಗ್ಗಿ ನೋಡುತ್ತಿದ್ದುದು ಕಿಟಕಿಯಿಂದ ಕಂಡಿತು. ಮೊಮ್ಮಗಳ ಕೈಕೆಲಸವನ್ನು ಕದ್ದು ನೋಡಿ ಸಂತೋಷ ಪಡುತ್ತಿದ್ದಾರೆ ಎಂದು ನಾನು ಹಿಗ್ಗಿಹೋದೆ. ಕರೆಯಲಿಲ್ಲ, ನೋಡಿಕೊಳ್ಳಲಿ ಎಂದು ಬಿಟ್ಟೆ.

ಅಮಾವಾಸ್ಯೆಯ ಬೆಳಿಗ್ಗೆ ಹೊರಟೆವು. ಇವರು ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಪವಿ, ಹಿಂದೆ ನಾನು. ಕೊಡಪಾನ ಬೇಡವೆಂದು ಪವಿ ಹೇಳಿಸಿದಳು. ಇಟ್ಟುಕೋ ಎಂದು ಇವರು ಹೇಳಿಸಿದರು. ನಾನು ಖಾಲಿ ಕೊಡಪಾನ ಇಟ್ಟುಕೊಂಡೆ. ಇಬ್ಬರ ಮಾತನ್ನೂ ನಡೆಸಿದಂತಾಯಿತು.

ಹರಿಹರದ ಪೇಟೆಗೆ ಬಂದೆವು. ಮುಂದೆ ಭತ್ತದ ಮೂಟೆ ಹೇರಿದ ಟ್ರಾಕ್ಟರು ಕೆಟ್ಟು ಅಡ್ಡ ನಿಂತಿತ್ತು. ಹಿಂದೆ ಬಸ್ಸು ಹಾರ್ನು ಒತ್ತುತ್ತಿತ್ತು. ಬಿಸಿಲು ಸೀಟಿನ ಮೇಲೆ ಕೂತಿತ್ತು. ಕಾರಿನ ಬಿಸಿ ತೋರಿಸುವ ಮುಳ್ಳು ಏಳತೊಡಗಿತು. ಟಿಕ್. ಮೊದಲನೇ ಅಡಿಕೆ. ಫ್ಯಾನು ಮೆಲ್ಲಗೆ ತಿರುಗಿತು. ಪವಿಯ ಭುಜ ಸ್ವಲ್ಪ ಇಳಿಯಿತು. ಟ್ರಾಕ್ಟರು ಅಲುಗಲಿಲ್ಲ. ಮುಳ್ಳು ಇನ್ನೂ ಏರಿತು. ನಾನು ಎರಡನೇ ಅಡಿಕೆಗೆ ಕಿವಿಗೊಟ್ಟೆ.

ಟಿಕ್ ಬರಲಿಲ್ಲ.

ಮುಳ್ಳು ಕೆಂಪು ಗೆರೆಯ ಕಡೆ ಹೊರಟಿತು. ಪವಿಯ ಮುಖ ಬಿಳಚಿತು. ಬೆರಳಲ್ಲಿ ಏನೋ ಎಣಿಸುತ್ತ ತನ್ನಷ್ಟಕ್ಕೆ, "ಫ್ಯೂಸ್ ಹಾಕೀನಿ, ವೈರ್ ಬಿಗಿ ಐತೆ, ಮೊನ್ನೆ ನಡೀತು" ಎಂದು ಗೊಣಗಿದಳು. ಆಮೇಲೆ ಹಿಂದೆ ತಿರುಗಿ, "ಅಜ್ಜಿ, ಅಜ್ಜಂಗೆ ಕೇಳು, ಬಾನೆಟ್ ಏನಾದ್ರೂ ತೆಗ್ದಿದ್ರಾ ಅಂತ" ಎಂದಳು.

ಆಗ ನನ್ನ ಕಣ್ಣು ಇವರ ಅಂಗಿಯ ಜೇಬಿನ ಮೇಲೆ ಬಿತ್ತು. ಆ ಜೇಬು ನನಗೆ ಹೊಸದಲ್ಲ. ರೆಗ್ಯುಲೇಟರಿನ ಗುಂಡಿಯ ಉಬ್ಬು ಎಷ್ಟು, ಅದರ ಪಕ್ಕ ಏನಿದ್ದರೆ ಎಷ್ಟು ಎಂದು ಮುಟ್ಟದೆ ಹೇಳಬಲ್ಲೆ. ಅಂದು ಆ ಜೇಬಿನಲ್ಲಿ ಗುಂಡಿಯ ಪಕ್ಕ ಇನ್ನೊಂದು ಉಬ್ಬಿತ್ತು. ಬೆಂಕಿಪೊಟ್ಟಣದಷ್ಟು.

ಹೇಳಿಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ನೆನಪಾದರು.

ಅದೊಂದು ದಿನ ಅತ್ತೆ ಮನೆಯಲ್ಲಿರಲಿಲ್ಲ, ಹರಿಹರಕ್ಕೆ ತವರಿಗೆ ಹೋಗಿದ್ದರು. ಮಾವನಿಗೂ ನನಗೂ ನಡುವೆ ಯಾರೂ ಇಲ್ಲ. ಬೆಳಿಗ್ಗೆಯಿಡೀ ನಡುಮನೆಯ ಕಂಬಕ್ಕೆ ಹೇಳಿದೆ, "ನೀರು ಕಾದಾವೆ" ಅಂತ. ಮಾವನೂ ಕಂಬಕ್ಕೇ ಹೇಳಿದರು, "ಬಂದೆ" ಅಂತ. ಆ ಕಂಬ ಅಷ್ಟು ಮರ್ಯಾದೆ ಎಂದೂ ಕಂಡಿರಲಿಲ್ಲ. ಮಧ್ಯಾಹ್ನ ಮಾವ ಭಟ್ಟಿಯ ಮುಂದೆ ಗಿರಾಕಿಯ ಜೊತೆ ಮಾತಾಡುತ್ತ ನಿಂತಿದ್ದಾಗ ಒಂದು ಕಿಡಿ ಹಾರಿ ಅವರ ಪಂಚೆಯ ಅಂಚಿಗೆ ಕೂತಿತು. ಕಂಬ ದೂರವಿತ್ತು. "ಮಾವಾ, ನಿಮ್ಮ ಪಂಚಿಗೆ ಕಿಡಿ ಬಿದ್ದೈತ್ರೀ" ಎಂದು ಕೂಗಿಬಿಟ್ಟೆ. ಮಾವ ತಟ್ಟಿ ಆರಿಸಿ, ನನ್ನ ಕಡೆ ತಿರುಗಿ, "ಇಷ್ಟು ಚೆಂದ ದನಿ ಇಟ್ಕಂಡು ಇಷ್ಟು ದಿನ ಎಲ್ಲಿದ್ದೆವ್ವ?" ಎಂದರು. ಅಲ್ಲಿಂದ ಮುಂದೆ ಅವರು ಇರುವವರೆಗೂ ಮಂಡಕ್ಕಿಯ ಹದ ಹೇಗಿದೆ ಎಂದು ನನ್ನನ್ನೇ ನೇರವಾಗಿ ಕೇಳುತ್ತಿದ್ದರು. ಅತ್ತೆ ಮನೆಯಲ್ಲಿ ಇದ್ದಿದ್ದರೆ ಅವರು ಅಡಿಕೆ ಕತ್ತರಿಸಿ ಮಾತು ಮುಟ್ಟಿಸುವಷ್ಟರಲ್ಲಿ ಪಂಚೆ ಹೋಗುತ್ತಿತ್ತು, ನಮ್ಮಿಬ್ಬರ ನಡುವೆ ಮಾತೂ ಬರುತ್ತಿರಲಿಲ್ಲ.

ನಾನು ಬಾಯಿ ಮುಚ್ಚಿದೆ. ಎಲೆಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದೆ.

"ಅಜ್ಜಿ, ಕೇಳು ಅಂದೆ" ಎಂದಳು ಪವಿ. ನಾನು ಟ್ರಾಕ್ಟರು ನೋಡಿದೆ.

"ಇವಳೇ, ಕಿವಿ ಕೇಳ್ಸಲ್ವ?" ಎಂದರು ಇವರು. ನಾನು ಬಸ್ಸು ನೋಡಿದೆ.

ಕಾರಿನೊಳಗೆ ಮಾತು ಸಾಗಿಸುವವರು ಯಾರೂ ಇಲ್ಲ. ಮುಳ್ಳು ಕೆಂಪಿನ ಅಂಚಿಗೆ ಬಂತು. ಪವಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ನಾನೇ ಎಲ್ಲೋ ತಪ್ಪು ಮಾಡೀನಿ" ಎಂದಳು, ನನಗೂ ಅಲ್ಲ, ಇವರಿಗೂ ಅಲ್ಲ, ಸುಮ್ಮನೆ. ಇವರು ಅವಳ ಕಡೆ ತಿರುಗಿದರು. ಅವರ ಎಡಗೈ ಜೇಬಿನ ಮೇಲೆ ಹೋಗಿ ನಿಂತಿತು. ಸುಮ್ಮನಿದ್ದರೆ ಪಂದ್ಯ ಅವರದು. ಕಾರು ಕುದಿಯುತ್ತದೆ, ಗುಜರಿಗೆ ಹೋಗುತ್ತದೆ, ಆ ಹುಡುಗಿ ಇನ್ನು ಯಾವ ಬಾನೆಟ್ಟನ್ನೂ ಎತ್ತುವುದಿಲ್ಲ. ನಾನು ಬಾಯಲ್ಲಿದ್ದ ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದೆ.

"ಪವೀ" ಎಂದರು ಇವರು. "ನಿಂದೇನೂ ತಪ್ಪಿಲ್ಲವ್ವ. ಇಳಿ, ಬಾನೆಟ್ ತೆಗಿ."

ಇಂಜಿನ್ ಆರಿಸಿ ಅವಳ ಹಿಂದೆಯೇ ಇಳಿದು ಹೋಗಿ, ಜೇಬಿಗೆ ಕೈ ಹಾಕಿ ಅವಸರದಲ್ಲಿ ಸಿಕ್ಕಿದ್ದನ್ನು ಅವಳ ಕೈಗಿತ್ತರು. ಅವಳು ನೋಡಿದಳು.

"ಅಜ್ಜ, ಇದು ನಮ್ಮ ಹಜಾರದ ಫ್ಯಾನಿಂದು."

"ಅದಲ್ಲ, ತಡಿ" ಎಂದು ಮತ್ತೆ ತಡಕಾಡಿ ಕರಿಯ ಡಬ್ಬಿ ತೆಗೆದರು.

ಪವಿ ರಿಲೇಯನ್ನು ನೋಡಿದಳು, ಅಜ್ಜನನ್ನು ನೋಡಿದಳು. "ಇದನ್ನ ಯಾಕ ಕಿತ್ರಿ?"

"ಕೀಲಿ ತೆಗೆದ್ರೂ ತಿರುಗ್ತಿತ್ತಲ್ಲ. ಒಂದು ಸ್ಪೀಡು ಸಾಲ್ತೈತೆ ಅಂತ ಮಾಡಿದ್ದೆ."

"ಸಾಲಂಗಿದ್ರೆ ಎರಡು ಯಾಕ ಕೊಡ್ತಿದ್ರು?"

"ಮನ್ಯಾಗ ಐದು ಕೊಟ್ಟಾರೆ. ಎರಡರಾಗ ನಡಸ್ತಿಲ್ವಾ?"

ಅವಳು ರಿಲೇಯನ್ನು ಅದರ ಜಾಗದಲ್ಲಿ ಒತ್ತಿದಳು. ಟಿಕ್. ಆಹಾ, ಆ ಸದ್ದು. ಫ್ಯಾನು ಭೋರೆಂದು ಎದ್ದಿತು. ಇಬ್ಬರೂ ಬಗ್ಗಿ ಅದರ ಮುಂದೆ ನಿಂತುಬಿಟ್ಟರು, ಬಸ್ಸಿನವನು ಹಾರ್ನು ಒತ್ತಿದ್ದೂ ಕೇಳಿಸದಂತೆ. ಬೈದುಕೊಳ್ಳುತ್ತಿದ್ದರು. ನೇರವಾಗಿ, ಬಾಯಿತುಂಬ. ನನ್ನ ಹೆಸರು ಎಲ್ಲೂ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಖಾಲಿ ಕೊಡಪಾನ ತಬ್ಬಿಕೊಂಡು ನಾನು ಅತ್ತುಬಿಟ್ಟೆ. ಈ ಸಲ ಖಾರದ ನೆಪವೂ ಇರಲಿಲ್ಲ.

ಮುಳ್ಳು ಇಳಿಯಿತು. ಟ್ರಾಕ್ಟರೂ ಸರಿಯಿತು. ತಂಗಿಯ ಮನೆಯ ಮುಂದೆ ಇಳಿದಾಗ ಅವಳ ಸೊಸೆ ಬಂದವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಗಾಬರಿಯಾಗಿ, "ದೊಡ್ಡತ್ತೆ, ಬಸ್ಸಿನಾಗ ಬಂದ್ರಾ? ಸೀರೆ ಒಣಗೈತಲ್ರಿ" ಎಂದಳು. ಕೂತು ಮೊದಲಿಂದ ಹೇಳಿದೆ. ಹೋಳಿಗೆ ಆರಿಹೋಯಿತು ಎಂದು ತಂಗಿ ಬೈದಳು.

ಆ ರೆಗ್ಯುಲೇಟರಿನ ಗುಂಡಿಯನ್ನು ಪವಿ ಹಿಂದಕ್ಕೆ ಕೊಡಲಿಲ್ಲ. ಮನೆಗೆ ಬಂದವಳೇ ಗೋಡೆಯ ಮೇಲೆ ಅದರ ಜಾಗಕ್ಕೆ ಕೂರಿಸಿ ಐದಕ್ಕೆ ತಿರುಗಿಸಿದಳು. ಇವರು ಖಾಲಿ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಇದನ್ನು ಬರೆಯುವಷ್ಟರಲ್ಲಿ ಸಂಜೆಯಾಗಿದೆ. ಜಗಲಿಯಲ್ಲಿ ಸೊಳ್ಳೆ ಎಂದು ಅಜ್ಜ ಮೊಮ್ಮಗಳು ಹಜಾರದಲ್ಲೇ ಕೂತಿದ್ದಾರೆ. ಒಂದೇ ತಟ್ಟೆ. ಮೇಲೆ ಫ್ಯಾನು ಐದರಲ್ಲಿ ತಿರುಗುತ್ತಿದೆ, ತಟ್ಟೆಯ ಮಂಡಕ್ಕಿ ನೆಲದ ತುಂಬ ಓಡಾಡುತ್ತಿದೆ.

"ಪವೀ, ಎರಡಕ್ಕಿಡು. ಮಂಡಕ್ಕಿ ಹಾರ್ತೈತೆ."

"ಹಾರಿದ್ದು ಹಿಡ್ಕಂಡ್ ತಿನ್ರಿ."

"ನಿಮ್ಮ ಅಜ್ಜಿ ಬೈತಾಳೆ."

"ಅಜ್ಜಿ ಬೈಯಲ್ಲ. ನೋಡ್ರಿ ನಗ್ತಾಳೆ."

ನನ್ನ ಹಾಳೆಗಳೂ ಹಾರತೊಡಗಿದವು. ಎದ್ದು ಹೋಗಿ ಗೂಡಿನಿಂದ ಅತ್ತೆಯ ಅಡಕತ್ತರಿ ತಂದು ಅವುಗಳ ಮೇಲಿಟ್ಟೆ. ಇಡುವ ಮೊದಲು ಒಂದು ಸಲ ಅದರ ಬಾಯಿ ತೆರೆದು ಮುಚ್ಚಿದೆ. ಟಿಕ್ ಎಂದಿತು. ಯಾರೂ ತಿರುಗಿ ನೋಡಲಿಲ್ಲ, ಅವರ ಮಾತು ನಡೆದೇ ಇತ್ತು. ನಾನು ಕಾಲು ಚಾಚಿ ಕೂತು, ನನ್ನ ಮಡಿಲಿಗೆ ಹಾರಿ ಬಂದ ಮಂಡಕ್ಕಿಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳತೊಡಗಿದೆ.